ಅಫ್ರಕೋಮಾ ಜೋಡಿಸಿದ ಪರದೆ

ಗಂಡನ ಸಾವಿನ ಪೋಸ್ಟರನ್ನು ಅಫ್ರಕೋಮಾಳೇ ಮಾಡಬೇಕಾಗಿ ಬಂತು.

ಕುಮಾಸಿ ನಗರದ ಅಸಾಫೋ ಪೇಟೆಯಲ್ಲಿ ಪೋಸ್ಟರ್ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಸತ್ತವನು ಸ್ವತಃ ಪೋಸ್ಟರ್ ಅಂಗಡಿಯ ಬೋವಾಡಿ. ಅವನದ್ದನ್ನು ಪಕ್ಕದ ಅಂಗಡಿಗೆ ಕೊಟ್ಟರೆ ಜನ ನಗುತ್ತಾರೆ ಎಂದು ಅವನ ಮನೆತನದವರು ತೀರ್ಮಾನಿಸಿದರು. ಜನ ನಗಬಾರದಂತೆ. ಹೆಂಡತಿಯಾದವಳು ಕಣ್ಣೊರೆಸಿಕೊಳ್ಳುತ್ತ ಕೂತು, ಗಂಡನ ಫೋಟೋದ ಹಿಂದಿನ ಗೋಡೆ, ಕಿಟಕಿ, ಯಾರದೋ ಮೊಣಕೈ ಎಲ್ಲವನ್ನೂ ಅಳಿಸಿ ಅವನ ಮುಖವೊಂದನ್ನೇ ಬಿಡಿಸಿ ತೆಗೆಯಬಹುದಂತೆ. ಅದಕ್ಕೆ ಯಾರೂ ನಗುವುದಿಲ್ಲ.

ಅವಳು ಕೂತಳು. ಬೆನ್ನ ಹಿಂದೆ ಇಬ್ಬರು ನಿಂತರು. ಒಬ್ಬ ಮನೆತನದ ಹಿರಿಯ ಒಪಾನಿನ್ ಜಾಂಫಿ, ಕಪ್ಪು ಬಟ್ಟೆಯನ್ನು ಭುಜದ ಮೇಲೆ ಎಳೆದುಕೊಂಡು. ಇನ್ನೊಬ್ಬ ತುಮಾಸಿ, ಬೋವಾಡಿಯ ಅಕ್ಕನ ಮಗ. ಅಳಿಯಸಂತಾನದ ಕಟ್ಟಿನಲ್ಲಿ ಅಂಗಡಿ ಇನ್ನು ಅವನದು. ಬೋವಾಡಿಗೆ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು ನಿಜ. ಆದರೆ ಅವರು ತಾಯಿಯ ಕಡೆಯವರು, ಈ ಮನೆತನದ ಲೆಕ್ಕಕ್ಕೆ ಬರುವವರಲ್ಲ.

"ಎಡಗೈಲಿ ಯಾಕಮ್ಮಾ ಸತ್ತವನ ಮುಖ ಮುಟ್ತೀಯ?" ಎಂದ ಜಾಂಫಿ.

"ಮುಖ ಮುಟ್ತಿಲ್ಲ ಹಿರಿಯರೇ. ಮೌಸ್ ಹಿಡಿದಿದೀನಿ."

"ಎಲ್ಲಾ ಒಂದೇ."

ಅವಳು ಎಡಗೈಯವಳು. ಎಡಗೈಯಲ್ಲಿ ಕೊಡಬಾರದು, ಎಡಗೈಯಲ್ಲಿ ದಾರಿ ತೋರಿಸಬಾರದು, ಎಡಗೈ ಬೀಸಿ ದೊಡ್ಡವರನ್ನು ಕರೆದರೆ ಉಗಿದಂತೆ. ಶಾಲೆಯ ಮೇಷ್ಟ್ರು ಆ ಕೈಯ ಗೆಣ್ಣುಗಳನ್ನು ಬಡಿದು ಬಡಿದು ಸುಸ್ತಾಗಿದ್ದರು. ಮಾರುಕಟ್ಟೆಯಲ್ಲಿ ಮರೆತು ಆ ಕೈ ಚಾಚಿದರೆ ಗೆಣಸು ಮಾರುವವಳೂ ಮುಖ ತಿರುಗಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಬೋವಾಡಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಅವಳು ಬಲಗೈಯಲ್ಲಿ ತಡವರಿಸುವುದನ್ನು ಸ್ವಲ್ಪ ಹೊತ್ತು ನೋಡಿ, ಮೌಸನ್ನು ಎತ್ತಿ ಎಡಕ್ಕಿಟ್ಟಿದ್ದ. ಅವನು ಒಳ್ಳೆಯವನೇ ಎಂದು ಅವಳು ಯಾರ ಮುಂದೆಯೂ ಹೇಳಿದವಳಲ್ಲ. ಕುಡಿಯುತ್ತಿದ್ದ, ಸುಳ್ಳು ಹೇಳುತ್ತಿದ್ದ. ಆದರೆ ಮೌಸನ್ನು ಎಡಕ್ಕಿಟ್ಟವನು ಅವನೇ.

ಆಮೇಲೆ ಅವಳು ಇಡೀ ಸ್ಕ್ರೀನನ್ನೇ ಎಡಕ್ಕೆ ತಿರುಗಿಸಿಕೊಂಡಳು. ಹೊಸದಾಗಿ ತೆರೆದಾಗ ಪೋಸ್ಟರ್ ಮಾಡುವ ಆ ಸಾಫ್ಟ್‌ವೇರ್ ತನಗೆ ತೋಚಿದಂತೆ ಜೋಡಿಸಿಕೊಂಡು ಬರುತ್ತದೆ. ಬೇಕಾದದ್ದು ಬಲಕ್ಕೆ, ಬೇಡದ್ದು ಎಲ್ಲೆಲ್ಲೂ. ಅಫ್ರಕೋಮಾ ಅದನ್ನು ಎತ್ತು ಪಳಗಿಸಿದ ಹಾಗೆ ಪಳಗಿಸಿದಳು. ಸ್ಕ್ರೀನಿನ ಮೇಲೆ ಉಪಕರಣಗಳನ್ನು ತುಂಬಿಕೊಂಡು ಕೂತ ಒಂದೊಂದು ಡಬ್ಬಿಯನ್ನೂ ತಲೆ ಹಿಡಿದೆಳೆದು ಎಡ ಅಂಚಿಗೆ ಅಂಟಿಸಿದಳು. ಯಾವತ್ತೂ ಮುಟ್ಟದವುಗಳನ್ನು ಮುಚ್ಚಿ ಹಾಕಿದಳು. ಬಣ್ಣಗಳ ದೊಡ್ಡ ಸಂತೆಯನ್ನೇ ಅಳಿಸಿ ಸಾವಿಗೆ ಬೇಕಾದಷ್ಟನ್ನು ಇಟ್ಟುಕೊಂಡಳು. ಹೋಗಬಾರದ ವಯಸ್ಸಿನಲ್ಲಿ ಹೋದವರಿಗೆ ಕೆಂಪು ಕಪ್ಪು, ಮರಿಮಕ್ಕಳನ್ನು ಕಂಡು ಹೋದವರಿಗೆ ಬಿಳಿ, ದುಡ್ಡಿದ್ದವರಿಗೆಲ್ಲ ಒಂದು ಚಿನ್ನದ ಗೆರೆ. ಕಣ್ಣು ಮುಚ್ಚಿಕೊಂಡು ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹೋಗುವಂತೆ ಅವಳ ಕೈ ಅಲ್ಲಿ ಓಡಾಡುತ್ತಿತ್ತು.

ಎಲ್ಲಕ್ಕಿಂತ ದೊಡ್ಡದಾಗಿ ತೆರೆದಿಟ್ಟದ್ದು ಲೇಯರ್‌ಗಳ ಡಬ್ಬಿ. ಪೋಸ್ಟರ್ ಅನ್ನುವುದು ಒಂದೇ ಹಾಳೆಯಲ್ಲ, ಒಂದರ ಮೇಲೊಂದು ಹಾಸಿದ ಬಟ್ಟೆಗಳಂತೆ ಹಲವು ಪದರ. ತಳದಲ್ಲಿ ಬಣ್ಣ, ಅದರ ಮೇಲೆ ಅಂಚು, ಮೇಲೆ ಫೋಟೋ, ಮೇಲೆ ಹೆಸರುಗಳು. ಪ್ರತಿ ಪದರದ ಪಕ್ಕ ಒಂದು ಕಣ್ಣು, ಒಂದು ಬೀಗ. ಕಣ್ಣು ಮುಚ್ಚಿಸಿದರೆ ಪದರ ಮರೆಯಾಗುತ್ತದೆ. ಬೀಗ ಹಾಕಿದರೆ ಅದರಲ್ಲಿರುವುದು ಅಲುಗುವುದಿಲ್ಲ.

ಅಸಾಫೋದಲ್ಲಿ ಯಾರೂ ಖಾಲಿ ಹಾಳೆಯಿಂದ ಪೋಸ್ಟರ್ ಶುರು ಮಾಡುವುದಿಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ? ಹಿಂದಿನ ವಾರ ಸತ್ತವರ ಫೈಲ್ ತೆರೆಯುವುದು, ಅವರ ಮುಖ ತೆಗೆದು ಇವರ ಮುಖ ಇಡುವುದು, ಅವರ ನೆಂಟರನ್ನು ಅಳಿಸಿ ಇವರ ನೆಂಟರನ್ನು ತುಂಬುವುದು. ಅಫ್ರಕೋಮಾಳೂ ಹಾಗೇ ಮಾಡುತ್ತಿದ್ದಳು. ಒಂದೇ ವ್ಯತ್ಯಾಸ: ಮೊದಲು ಎಲ್ಲ ಬೀಗ ತೆಗೆದು, ಎಲ್ಲ ಕಣ್ಣು ಮುಚ್ಚಿಸಿ, ಒಂದೊಂದಾಗಿ ತೆರೆದು ನೋಡುತ್ತಿದ್ದಳು. ಒಬ್ಬ ಸತ್ತವನ ಪೋಸ್ಟರಿನಲ್ಲಿ ಇನ್ನೊಬ್ಬ ಸತ್ತವನ ಉಗುರೂ ಉಳಿಯಬಾರದು.

ಜಾಂಫಿ ಹೆಸರು ಹೇಳುತ್ತ ಹೋದ. ಮೊದಲು ಮನೆತನದ ಹಿರಿಯ, ಅಂದರೆ ತಾನು. ಆಮೇಲೆ ಶೋಕದ ಮುಂದಾಳು, ತುಮಾಸಿ. ಆಮೇಲೆ ಅಕ್ಕಂದಿರು, ತಮ್ಮಂದಿರು, ಅಳಿಯಂದಿರು, ಇಟಲಿಯಲ್ಲಿರುವವರು, ಹ್ಯಾಂಬರ್ಗಿನಲ್ಲಿರುವವರು. ಹಾಳೆ ತುಂಬಿತು.

"ವಿಧವೆ, ಮಕ್ಕಳು?" ಎಂದಳು ಅಫ್ರಕೋಮಾ.

"ಹಾಕು. ಸಣ್ಣಕೆ ಹಾಕು."

ಹಾಕಿದಳು.

"ಇನ್ನೂ ಸಣ್ಣ."

"ಇದಕ್ಕಿಂತ ಸಣ್ಣ ಮಾಡಿದ್ರೆ ಇರುವೆ ಬಂದು ಓದ್ಬೇಕು ಹಿರಿಯರೇ."

ತುಮಾಸಿ ನಕ್ಕ. "ಅತ್ತೆ, ಪೋಸ್ಟರ್ ಮಾವಂದು, ನಿಮ್ದಲ್ಲ. ಅಗೋ, ಆ ಕೆಳಗಿನ ಅಂಚಿನೊಳಗೆ ಜಾಗ ಇದೆಯಲ್ಲ, ಅಲ್ಲಿ ಸೇರಿಸಿಬಿಡಿ."

ಕೆಳಗಿನ ಅಂಚು ರಕ್ತಗೆಂಪು. ಅದರ ಮೇಲೆ ಕಪ್ಪು ಅಕ್ಷರ. "ಕಾಣಲ್ಲ," ಎಂದಳು.

"ಕಾಣ್ಬೇಕಾದವರಿಗೆ ಕಾಣುತ್ತೆ," ಎಂದ ಜಾಂಫಿ.

ಅಫ್ರಕೋಮಾ ಹಲ್ಲು ಕಚ್ಚಿಕೊಂಡು, ಅಂಚಿನ ಪದರದಲ್ಲೇ ತನ್ನ ಹೆಸರು ಕೂರಿಸಿ, ಬೀಗ ಹಾಕಿದಳು. ಮಕ್ಕಳ ಹೆಸರನ್ನು ತೆಗೆದೇ ಬಿಟ್ಟಳು. ಅಷ್ಟು ಸಣ್ಣಕ್ಕೆ ಅವರನ್ನು ಹಾಕಲು ಅವಳಿಗೆ ಕೈ ಬರಲಿಲ್ಲ.

ಸಂಸ್ಕಾರ ಮುಗಿಯಿತು. ಶಾಮಿಯಾನ ಇಳಿಯಿತು, ಪ್ಲಾಸ್ಟಿಕ್ ಕುರ್ಚಿಗಳು ಲಾರಿ ಹತ್ತಿದವು. ತುಮಾಸಿ ಅಂಗಡಿಗೆ ಬಂದು ಕೀಲಿ ಗೊಂಚಲನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ. "ನೀವೇನೂ ಹೆದರ್ಬೇಡಿ ಅತ್ತೆ. ನಿಮ್ಮ ಕುರ್ಚಿ ನಿಮ್ದೇ. ನೀವಿಲ್ದೆ ಈ ಅಂಗಡಿ ನಡೆಯುತ್ತಾ?" ಎಂದ. ಅವಳು ನಂಬಿದಳು. ನಂಬದೆ ಮಾಡುವುದೇನು? ಇಬ್ಬರು ಹುಡುಗಿಯರ ಊಟ, ಬಟ್ಟೆ, ಶಾಲೆ ಎಲ್ಲ ಆ ಕುರ್ಚಿಯ ಮೇಲೇ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ತನ್ನದು ಅಂತ ಈ ಭೂಮಿಯ ಮೇಲೆ ಇದ್ದದ್ದು ಆ ಸ್ಕ್ರೀನಿನಷ್ಟು ಜಾಗ.

ಕೆಲವೇ ದಿನಕ್ಕೆ ತುಮಾಸಿಯ ಹೆಂಡತಿ ಅಡೋಮಾ ಬಂದಳು. ರಾಜಧಾನಿ ಆಕ್ರಾದಲ್ಲಿ ಡಿಸೈನ್ ಕೋರ್ಸ್ ಮಾಡಿದವಳು, ಸುಗಂಧ ಹಾಕಿಕೊಂಡವಳು. "ಸ್ವಲ್ಪ ನೋಡ್ಕೊಳ್ತೀನಿ ಅತ್ತೆ," ಎಂದು ಕುರ್ಚಿಯಲ್ಲಿ ಕೂತು, ಸ್ಕ್ರೀನ್ ನೋಡಿ, ಬಾಯಿಗೆ ಕೈ ಹಿಡಿದಳು.

"ಅಯ್ಯೋ ದೇವರೇ! ಇದೇನತ್ತೆ, ಮನೆ ಕಳ್ಳತನ ಆದ್ಮೇಲೆ ಇದ್ದ ಹಾಗಿದೆ? ಬಣ್ಣ ಎಲ್ಲಿ?"

"ಇದಾವಲ್ಲ."

"ಇವು ನಾಲ್ಕೇನಾ? ನಾನು ಮದುವೆ ಕಾರ್ಡೂ ಮಾಡ್ತೀನಿ, ಹುಟ್ಟುಹಬ್ಬಾನೂ ಮಾಡ್ತೀನಿ. ಬರೀ ಹೆಣಕ್ಕೆ ಅಂಗಡಿ ಇಟ್ಕೊಳ್ಳೋಕಾಗುತ್ತಾ? ಮತ್ತೆ ಇದೇನು, ಇಷ್ಟುದ್ದ, ಅರ್ಧ ಸ್ಕ್ರೀನ್ ನುಂಗಿದೆ?"

"ಲೇಯರ್‌ದು. ಅದನ್ನ ಮುಚ್ಬೇಡ."

"ನಮ್ಮ ಮೇಷ್ಟ್ರು ಹೇಳ್ತಿದ್ರು, ಕೆಲಸದ ಜಾಗ ಚೊಕ್ಕಟವಾಗಿರಬೇಕು ಅಂತ."

ಅಡೋಮಾ ಮೇಲಿನ ಮೆನುವಿಗೆ ಹೋಗಿ, ಮೊದಲಿನಂತೆ ಮಾಡು ಎನ್ನುವುದನ್ನು ಒತ್ತಿದಳು. ಒಂದು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಡಬ್ಬಿಗಳೆಲ್ಲ ಹಾರಿ ಬಲಕ್ಕೆ ಹೋಗಿ ಕೂತವು. ಸಣ್ಣದಾಗಿ ಉಳಿದ ಲೇಯರ್‌ಗಳ ಡಬ್ಬಿಯನ್ನೂ ಅವಳು ಮುಚ್ಚಿದಳು. ಆಮೇಲೆ ಮೌಸನ್ನು ಎತ್ತಿ ಬಲಕ್ಕಿಟ್ಟುಕೊಂಡಳು.

ಜೋಡಿಸಿದ್ದಕ್ಕೆ ಒಂದು ಹೆಸರು ಕೊಟ್ಟು ಉಳಿಸಿಡುವ ದಾರಿ ಅದೇ ಮೆನುವಿನಲ್ಲಿತ್ತು, ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅಫ್ರಕೋಮಾ ಅದನ್ನು ಯಾವತ್ತೂ ಮಾಡಿರಲಿಲ್ಲ. ತನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ ಎಂದು ಎಣಿಸಿದವರು ಮಾತ್ರ ಹಾಗೆ ಉಳಿಸಿಡುತ್ತಾರೆ. ಅವಳು ಪೆದ್ದಿ, ಎಣಿಸಿರಲಿಲ್ಲ.

"ನನ್ನ ಕೇಳ್ಬಾರ್ದಿತ್ತಾ?" ಎಂದಳು. ದನಿ ಏರಿತ್ತು.

"ಏನು ಕೇಳೋದು? ಕಂಪ್ಯೂಟರ್ ಒಡೆದೆನಾ? ಮತ್ತೆ ಎಳ್ಕೊಂಡ್ರೆ ಬರುತ್ತೆ. ಆದ್ರೆ ಈಗ ಬೇಡ ಅತ್ತೆ, ನಂಗೆ ಗೊಂದಲ ಆಗುತ್ತೆ."

ತುಮಾಸಿ ಹೊರಗಿನಿಂದಲೇ ಕೂಗಿ ಹೇಳಿದ: "ಅತ್ತೆ, ಸದ್ಯಕ್ಕೆ ನೀವು ಕಟಿಂಗ್ ಮೆಷಿನ್ ಕಡೆ ನೋಡ್ಕೊಳ್ಳಿ. ಕೂತು ಕೂತು ಬೆನ್ನು ನೋವು ಅಂತಿದ್ರಲ್ಲ."

ಅವಳು ಯಾವತ್ತೂ ಬೆನ್ನು ನೋವು ಎಂದಿರಲಿಲ್ಲ.

ಹೀಗೆ ಅಫ್ರಕೋಮಾ ಹಿಂದಿನ ಕೋಣೆ ಸೇರಿದಳು. ಹಾಳೆ ಜೋಡಿಸುವುದು, ಅಲಗನ್ನು ಎಳೆಯುವುದು, ಕತ್ತರಿಸಿದ್ದನ್ನು ಕಟ್ಟು ಕಟ್ಟುವುದು. ಒಮ್ಮೆ ಒಂದು ಬ್ಯಾನರಿನಲ್ಲಿ ಸತ್ತವಳ ವಯಸ್ಸು ತಪ್ಪಾಗಿರುವುದನ್ನು ಕಂಡು ಮುಂದಿನ ಕೋಣೆಗೆ ಹೋಗಿ ಹೇಳಿದಳು. ಗಿರಾಕಿ ಎದುರಿಗೇ ಕೂತಿದ್ದ. ಅವನು ಹೋದ ಮೇಲೆ ಅಡೋಮಾ ಸಿಡಿದಳು: "ಗಿರಾಕಿ ಮುಂದೆ ನನ್ನ ಮಾನ ಕಳೀಬೇಡಿ ಅತ್ತೆ. ನಿಮ್ಮ ಕೆಲಸ ಕತ್ತರಿಸೋದು. ಓದೋದಲ್ಲ." ತುಮಾಸಿ ಕೇಳಿಸಿಕೊಂಡು ರಸೀದಿ ಪುಸ್ತಕ ತಿರುವಿದ.

ಬಂತಾಮಾದ ಮರದ ವ್ಯಾಪಾರಿ ಅಂಪೋಫೋ ತೀರಿಕೊಂಡಾಗ ದೊಡ್ಡ ಕೆಲಸ ಬಂತು. ಗೋಡೆಗೆ ಪೋಸ್ಟರ್, ರಸ್ತೆಗೆ ಫ್ಲೆಕ್ಸ್, ಸಂಸ್ಕಾರಕ್ಕೆ ಬಂದವರ ಕೈಗೆ ಸ್ಮರಣೆಯ ಪುಸ್ತಕ. ಅಡೋಮಾ ಬೋವಾಡಿಯ ಪೋಸ್ಟರ್ ತೆರೆದಳು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಕೆಂಪು ಕಪ್ಪೇ ಸರಿ. ಬೋವಾಡಿಯ ಮುಖ ತೆಗೆದು ಅಂಪೋಫೋನ ಮುಖ ಇಟ್ಟಳು. ನೆಂಟರನ್ನು ಬದಲಾಯಿಸಿದಳು. ಅಂಪೋಫೋನ ಹೆಂಡತಿ ಪೊಕುವಾಳ ಹೆಸರನ್ನು ಅವರ ಮನೆಯವರು ಹೇಳಿದಂತೆ ದೊಡ್ಡದಾಗಿ ಹಾಕಿದಳು. ಅಂಚು ಚೆನ್ನಾಗಿತ್ತು, ಅದನ್ನು ಹಾಗೇ ಬಿಟ್ಟಳು.

ಮೊದಲ ಹಾಳೆ ಪ್ರಿಂಟಿಂಗ್ ಮೆಷಿನ್ನಿನಿಂದ ಬಿಸಿಬಿಸಿಯಾಗಿ ಬಂದಾಗಲೇ ಅಫ್ರಕೋಮಾ ನೋಡಿದಳು. ರಕ್ತಗೆಂಪಿನ ಕೆಳಅಂಚಿನಲ್ಲಿ, ಇರುವೆ ಸಾಲಿನಂತೆ: ವಿಧವೆ, ಅಫ್ರಕೋಮಾ.

ಗೊತ್ತಿಲ್ಲದವರ ಕಣ್ಣಿಗೆ ಬೀಳುವಂಥದ್ದಲ್ಲ. ಆದರೆ ಅವಳ ಹೆಸರು ಅವಳ ಕಣ್ಣಿಗೆ ಬೀಳದಿರುತ್ತದೆಯೇ? ಹಾಳೆ ಹಿಡಿದು ಬಾಗಿಲ ತನಕ ಹೋದಳು. ಮುಂದಿನ ಕೋಣೆಯಲ್ಲಿ ಅಡೋಮಾ ಫೋನಿನಲ್ಲಿ ಯಾರಿಗೋ ಹೇಳುತ್ತ ನಗುತ್ತಿದ್ದಳು: "ಇಲ್ಲಪ್ಪಾ, ಹಳೇ ಕಾಲದ ಹೆಂಗಸು. ಸ್ಕ್ರೀನನ್ನ ಮಸಿಪಾತ್ರೆ ಕಪಾಟು ಮಾಡಿಟ್ಟಿದ್ಳು. ನಾನೇ ತೊಳೆದೆ."

ಅಫ್ರಕೋಮಾ ಹಿಂದಿರುಗಿದಳು. ಹಾಳೆಯನ್ನು ಉಳಿದ ಹಾಳೆಗಳ ಜೊತೆ ಸಮನಾಗಿ ಜೋಡಿಸಿದಳು. ಅಲಗು ಎಳೆದಳು. ಓದಲಿಲ್ಲ. ಕತ್ತರಿಸಿದಳು.

ಪೋಸ್ಟರ್ ಬಂತಾಮಾದ ಗೋಡೆ ಗೋಡೆಗೂ ಹತ್ತಿತು. ಯಾರಾದರೂ ಒಬ್ಬರ ಕಣ್ಣು ಸೂಕ್ಷ್ಮವಾಗಿರುತ್ತದೆ. ಆ ಒಬ್ಬರು ಇನ್ನೊಬ್ಬರಿಗೆ ತೋರಿಸಿದರು, ಅವರು ಫೋನಿನಲ್ಲಿ ದೊಡ್ಡದು ಮಾಡಿ ಊರಿಗೆಲ್ಲ ಕಳಿಸಿದರು. ಅಂಪೋಫೋ ಎರಡನೇ ಹೆಂಡತಿಯನ್ನು ಇಟ್ಟುಕೊಂಡಿದ್ದನಂತೆ, ಪೋಸ್ಟರಿನಲ್ಲೇ ಇದೆಯಂತೆ.

ಪೊಕುವಾ ಶೋಕದ ಕಪ್ಪು ಉಡುಪಿನಲ್ಲೇ ಅಂಗಡಿಗೆ ನುಗ್ಗಿದಳು, ಹಿಂದೆ ಅವಳ ತಂಗಿಯರು.

"ಯಾರೇ ಅವ್ಳು ಅಫ್ರಕೋಮಾ? ಬಾರೇ ಆಚೆ! ಎಷ್ಟು ವರ್ಷದಿಂದ ಇಟ್ಕೊಂಡಿದ್ದ ನಿನ್ನ? ಮನೆ ಕಟ್ಸಿ ಕೊಟ್ಟಿದ್ನಾ? ಬಾ, ನಿನ್ನ ಮುಖ ನೋಡ್ತೀನಿ!"

ಅಫ್ರಕೋಮಾ ಹಿಂದಿನ ಕೋಣೆಯಿಂದ ಬಂದು ಎದುರು ನಿಂತಳು. ಪೊಕುವಾ ಅವಳ ಮೇಲುಡುಪು ಹಿಡಿದಳು. ತುಮಾಸಿ ಮಧ್ಯೆ ಬಿದ್ದು ಬಿಡಿಸಿದ. ಬಿಡಿಸುತ್ತ ಹೇಳಿದ: "ಅಮ್ಮಾ, ಅಮ್ಮಾ, ತಾಳಿ! ಇವ್ರು ನಮ್ಮ ಮಾವನ ಹೆಂಡ್ತಿ. ಗಂಡ ಹೋದ್ಮೇಲೆ ತಲೆ ಸರಿಯಿಲ್ಲ. ನನ್ನ ಹೆಂಡ್ತಿ ಮೇಲಿನ ಹೊಟ್ಟೆಕಿಚ್ಚಿಗೆ ಇವ್ರೇ ಸೇರ್ಸಿದಾರೆ. ಆ ಕಂಪ್ಯೂಟರ್ ಒಳಗಡೆ ಇವ್ರಿಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ."

ಇಷ್ಟು ದಿನದ ಮೇಲೆ ಅವನ ಬಾಯಿಂದ ಬಂದ ಹೊಗಳಿಕೆ ಅದೊಂದೇ.

ಮಾರನೆಯ ಬೆಳಿಗ್ಗೆ ಜಾಂಫಿಯ ಅಂಗಳದಲ್ಲಿ ಎರಡೂ ಮನೆತನದವರು ಕೂತರು. ನಡುವೆ ಸ್ಟೂಲಿನ ಮೇಲೆ ಕ್ಷಮೆ ಕೇಳಿ ಕೊಡುವ ಜಿನ್ ಮದ್ಯದ ಬಾಟಲಿ. ಸಭೆ ಶುರುವಾಗುವ ಮೊದಲೇ ಜಾಂಫಿ ಅಫ್ರಕೋಮಾಳನ್ನು ಮಾವಿನ ಮರದ ಕೆಳಗೆ ಕರೆದು ಮೆಲ್ಲಗೆ ಹೇಳಿದ್ದ: "ನೋಡಮ್ಮಾ, ದುಃಖದಲ್ಲಿ ತಪ್ಪಾಯ್ತು, ನಾನೇ ಮಾಡ್ದೆ ಅಂತ ಒಂದು ಮಾತು ಹೇಳು. ಅವ್ರು ಬಾಟಲಿ ತಗೊಂಡು ಹೋಗ್ತಾರೆ. ಆಮೇಲೆ ನಿನ್ನ ಕುರ್ಚಿ ನಿಂಗೆ ಕೊಡಿಸ್ತೀನಿ. ತುಮಾಸಿ ಒಪ್ಪಿದಾನೆ."

"ಕುರ್ಚಿ ಮಾತ್ರಾನೋ, ಸ್ಕ್ರೀನ್ ನನಗೆ ಬೇಕಾದ ಹಾಗೆ ಜೋಡಿಸ್ಕೊಬಹುದೋ?"

ಜಾಂಫಿಗೆ ಅರ್ಥವಾಗಲಿಲ್ಲ. "ಏನು ಬೇಕೋ ಜೋಡಿಸ್ಕೊ," ಎಂದ.

ಸಭೆಯಲ್ಲಿ ಅವಳು ಎದ್ದು ನಿಂತಳು. ಹೇಳುವುದು ಎಂದು ನಿರ್ಧರಿಸಿಯೇ ಎದ್ದಿದ್ದಳು. ಒಂದು ಮಾತು ತಾನೇ. ಮಕ್ಕಳ ಮುಖ ನೆನೆದುಕೊಂಡಳು. ಜಾಂಫಿ ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವ ದನಿಯಲ್ಲಿ ಶುರುಮಾಡಿದ: "ನಮ್ಮ ಮನೆತನದಲ್ಲಿ ಇಂಥ ಕೆಲಸ ಯಾರೂ ಮಾಡಲ್ಲ. ಈಕೆ ಹೊರಗಿನಿಂದ ಬಂದವಳು. ಎಡಗೈಯವಳಿಂದ ಇನ್ನೇನು ನಿರೀಕ್ಷೆ ಮಾಡೋಕಾಗುತ್ತೆ..."

ಅಲ್ಲಿಗೆ ಅವಳ ತಲೆ ಕಾದ ಹಂಚಾಯಿತು.

"ನಾನು ಸೇರಿಸಿಲ್ಲ," ಎಂದಳು. "ಅದು ನನ್ನ ಗಂಡನ ಪೋಸ್ಟರಿನದು. ಅಡೋಮಾ ಅದನ್ನೇ ತೆರೆದು ಮಾಡಿದಳು. ಅಂಚಿನ ಪದರಕ್ಕೆ ಬೀಗ ಹಾಕಿತ್ತು, ಲೇಯರ್ ತೋರಿಸೋ ಡಬ್ಬೀನ ಅವಳೇ ಮುಚ್ಚಿದ್ದಳು, ಅವಳಿಗೆ ಕಾಣಲಿಲ್ಲ. ಅಷ್ಟು ಸಣ್ಣಕೆ ನನ್ನ ಹೆಸರು ಹಾಕಿಸಿದ್ದು ಯಾರು ಹಿರಿಯರೇ? ನೀವು. ಯಾರಿಗೂ ಕಾಣ್ಬಾರದು ಅಂತ ಹಾಕಿಸಿದ್ರಿ. ಯಾರಿಗೂ ಕಾಣಲಿಲ್ಲ. ಈಗ ಯಾಕೆ ಬಾಟಲಿ ಇಟ್ಕೊಂಡು ಕೂತಿದೀರಿ?"

ಅಂಗಳ ಗದ್ದಲವಾಯಿತು. ಅಡೋಮಾ ಎದ್ದು ಕಿರುಚಿದಳು: "ನೀವು ಕತ್ತರಿಸುವಾಗ ನೋಡ್ಲಿಲ್ವಾ? ನಿಮ್ಮ ಹೆಸರು ನಿಮಗೆ ಕಾಣ್ಲಿಲ್ವಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೆದ್ದು ಹೋಗುತ್ತಿದ್ದಳು.

"ನೋಡ್ದೆ," ಎಂದಳು ಅಫ್ರಕೋಮಾ. "ಮೊದಲನೇ ಹಾಳೇಲೇ ನೋಡ್ದೆ. ನನ್ನ ಕೆಲಸ ಕತ್ತರಿಸೋದು ಅಂದಿದ್ದೆ ನೀನು. ಕತ್ತರಿಸ್ದೆ."

ಜಾಂಫಿ ತಲೆ ಆಡಿಸಿದ. ತುಮಾಸಿ ಕೈ ಚೆಲ್ಲಿ ಸುತ್ತಲೂ ನೋಡಿದ, ಕೇಳಿದಿರಲ್ಲ ಎನ್ನುವಂತೆ. ಅವರಿಬ್ಬರ ಮುಖ ನೋಡಿ ಅವಳಿಗೆ ಏನೂ ಅನ್ನಿಸಲಿಲ್ಲ. ಆದರೆ ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಪೊಕುವಾ ತಲೆ ಎತ್ತಿದಳು. ಕೂಗಾಡಲಿಲ್ಲ.

"ನೋಡಿಯೂ ಬಿಟ್ಯಾ?" ಎಂದಳು. "ನಾನೇನು ಮಾಡಿದ್ದೆ ನಿಂಗೆ? ನಿನ್ನ ಹಾಗೇ ನಾನೂ ಗಂಡ ಸತ್ತವಳು. ನೀನು ಈಗ ಏನು ಹೇಳಿದ್ರೂ ನನ್ನ ಊರು ನಂಬುತ್ತಾ? ಅವನು ಎದ್ದು ಬಂದು ಇಲ್ಲ ಅನ್ನಲ್ವಲ್ಲ. ನಾನೇ ನಂಬ್ತೀನೋ ಇಲ್ವೋ, ನಂಗೇ ಗೊತ್ತಿಲ್ಲ."

ಪೊಕುವಾ ಬಾಟಲಿ ಮುಟ್ಟದೆ ಎದ್ದು ಹೋದಳು.

ಅಂಗಡಿಯ ಬಾಗಿಲು ಅಫ್ರಕೋಮಾಳಿಗೆ ಮುಚ್ಚಿತು. ಅಸಾಫೋದ ಬೇರೆ ಅಂಗಡಿಗಳವರು ವಿಷಯ ಕೇಳಿದ್ದರು. "ಅಕ್ಕಾ, ನಿಮ್ಮ ಕೈ ಚೆನ್ನಾಗಿದೆ, ಬಾಯಿ ಬಿಸಿ," ಎಂದು ನಕ್ಕು ಕಳಿಸಿದರು.

ಕೊನೆಗೆ ಅವಳಿಗೆ ಸಿಕ್ಕಿದ್ದು ಆಡುಮ್‌ನ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಅಂಗಡಿ. ಅಲ್ಲಿ ಕಂಪ್ಯೂಟರುಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಗಿರಾಕಿ ಹುಡುಕಿಕೊಂಡು ಬರುವುದು ಅವಳ ಕೆಲಸ, ಬಂದ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೋಸ್ಟರ್ ಮಾಡಿಕೊಡುವುದೂ ಅವಳದ್ದೇ. ಫೋಟೋ ಬಿಟ್ಟು ಬೇರೇನನ್ನೂ ಆ ಕಂಪ್ಯೂಟರಿನೊಳಗೆ ತರುವಂತಿಲ್ಲ, ಏನನ್ನೂ ಅಲ್ಲಿ ಉಳಿಸಿಡುವಂತಿಲ್ಲ. ರೋಲಿಂಗ್ ಶಟರ್ ಎಳೆಯುವ ಹೊತ್ತಿಗೆ ಅದು ತನ್ನನ್ನು ತಾನೇ ಒರೆಸಿಕೊಳ್ಳುತ್ತದೆ. ಬೆಳಿಗ್ಗೆ ತೆರೆದರೆ ಅಂಗಡಿಯಿಂದ ಆಗ ತಾನೇ ಬಂದಂತೆ, ಎಲ್ಲ ಬಲಕ್ಕೆ.

ಅವಳು ದಿನಾ ಬೆಳಿಗ್ಗೆ ಬಂದು ಮೊದಲಿನಿಂದ ಜೋಡಿಸುತ್ತಿದ್ದಳು. ಮೌಸನ್ನು ಎಡಕ್ಕಿಟ್ಟು, ಡಬ್ಬಿಗಳನ್ನು ಒಂದೊಂದಾಗಿ ಎಳೆದು, ಬಣ್ಣಗಳನ್ನು ಅಳಿಸಿ. ಪಕ್ಕದಲ್ಲಿ ಕೂತ ಗಿರಾಕಿ, ಯಾರದೋ ತಮ್ಮ, ಯಾರದೋ ಮಗಳು, ಕಾಲು ಕುಣಿಸುತ್ತಿದ್ದರು. "ಇನ್ನೂ ಶುರು ಮಾಡ್ಲಿಲ್ವಾ ಅಕ್ಕಾ?" ಎನ್ನುತ್ತಿದ್ದರು. ಅಂಗಡಿಯವನು ತಲೆ ಎತ್ತದೆಯೇ, "ಜೋಡಿಸೋ ಹೊತ್ತಿಗೂ ಬಾಡಿಗೆ ಓಡ್ತಿರುತ್ತೆ ಅಮ್ಮಾ," ಎನ್ನುತ್ತಿದ್ದ.

ಒಂದು ಶುಕ್ರವಾರ ಮೂವರು ಗಿರಾಕಿಗಳು ಒಟ್ಟಿಗೆ ಬಂದರು. ಮೂವರಿಗೂ ಮಾರನೆಯ ದಿನವೇ ಸಂಸ್ಕಾರ, ಮೂವರಿಗೂ ಅವಸರ. ಅಫ್ರಕೋಮಾ ಕೂತಳು. ಸ್ಕ್ರೀನ್ ತೆರೆದುಕೊಂಡಿತು. ಲೇಯರ್‌ಗಳ ಡಬ್ಬಿ ಒಂದು ಮೂಲೆಯಲ್ಲಿ ಕೈಬೆರಳಿನಷ್ಟಿತ್ತು. ಎಳೆಯಲು ಎತ್ತಿದ ಕೈ ಹಾಗೇ ನಿಂತಿತು.

ಆ ದಿನ ಅವಳು ಯಾವುದನ್ನೂ ಸರಿಸಲಿಲ್ಲ. ಮೌಸನ್ನು ಅದು ಇದ್ದ ಕಡೆಯೇ, ಬಲಗೈಯಲ್ಲಿ ಹಿಡಿದಳು. ಮೊದಲು ತಡವರಿಸಿದಳು, ಆಮೇಲೆ ಅಷ್ಟಾಗಿ ತಡವರಿಸಲಿಲ್ಲ. ಮೂರು ಪೋಸ್ಟರೂ ಮುಗಿದವು. ಗಿರಾಕಿಗಳು ನೋಡಿ, ತುಂಬ ಚೆನ್ನಾಗಿದೆ ಅಕ್ಕಾ ಎಂದು ತೆಗೆದುಕೊಂಡು ಹೋದರು. ನಿಜವಾಗಿಯೂ ಚೆನ್ನಾಗಿದ್ದವು. ಅದೇ ಅವಳಿಗೆ ತಡೆಯಲಾಗದಷ್ಟು ಉರಿಯಿತು.